ಹಾಲುಹಲ್ಲಿನ ಬಿಲ್ಲೆ

"ಕತ್ತರಿ ಹಚ್ಚಬ್ಯಾಡೋ ಸಿದ್ಧರಾಮ. ಗುಂಡಿ ಬಿಚ್ಚು. ಅವರಿಗೇನ್ ಈಗ ಸಂತಿಗಿ ಹೊತ್ತಾಗತೈತೇನ?" ಎಂದಳು ತಾಯಿ ಶೇವಂತೆವ್ವ.

ಸಿದ್ಧರಾಮ ಕತ್ತರಿ ಕೆಳಗಿಟ್ಟ. ತಂದೆಯ ಅಂಗಿಯ ಮೇಲಿನ ತೋಳಿಲ್ಲದ ಬಂಡಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಗುರಣ್ಣ ಮಲಗುವಾಗಲೂ ಆ ಬಂಡಿಯನ್ನು ಕಳಚುತ್ತಿರಲಿಲ್ಲ. ಬೆಳಗಿನ ಜಾವ ಅದನ್ನು ತೊಟ್ಟುಕೊಂಡೇ, ಒಂದು ಕೈಯನ್ನು ಅದರ ಕಿಸೆಯ ಮೇಲಿಟ್ಟುಕೊಂಡೇ, ಯಾರಿಗೂ ತ್ರಾಸು ಕೊಡದೆ ಹೋಗಿಬಿಟ್ಟಿದ್ದ. ಎಪ್ಪತ್ತಮೂರು ವರ್ಷ. ಒಂದು ದಿನ ಹಾಸಿಗೆ ಹಿಡಿದವನಲ್ಲ. ಇಂಥ ಸಾವು ಬೇಕೆಂದರೂ ಸಿಗುವುದಿಲ್ಲ ಎಂದು ತಾಂಬಾ ಊರಿನ ಮುದುಕರು ಕಟ್ಟೆಯ ಮೇಲೆ ಕೂತು ಆಗಲೇ ಹೊಟ್ಟೆಕಿಚ್ಚುಪಡುತ್ತಿದ್ದರು.

ಬಿಚ್ಚಿದ ಬಂಡಿ, ಅಂಗಿ, ಧೋತರ ಎಲ್ಲವನ್ನೂ ನೆರೆಮನೆಯ ರೇವವ್ವ ಬಾಚಿಕೊಂಡು ಹಿತ್ತಲಿಗೆ ಒಯ್ದಳು. ಯಾರೂ ಹೇಳಿರಲಿಲ್ಲ. ರೇವವ್ವನಿಗೆ ಹೇಳಬೇಕಾಗಿಯೂ ಇರಲಿಲ್ಲ. ಕೊಳೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ಮದುವೆಯ ಮನೆಯಾಗಲಿ, ಸಾವಿನ ಮನೆಯಾಗಲಿ, ಅವಳು ಮೊದಲು ಹುಡುಕುವುದು ಒಗೆಯುವ ಕಲ್ಲನ್ನು.

ಮೈ ತೊಳೆದು, ಮಡಿ ಉಡಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಗುರಣ್ಣನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದರು. ಸೊಸೆ ಸುವರ್ಣಾ ಊದುಬತ್ತಿ ಹಚ್ಚಿಟ್ಟು ಮತ್ತೆ ಬಾಗಿಲಿಗೆ ಬಂದಳು. ಬೆಳಗಿನಿಂದ ಅವಳು ಅಲ್ಲಿಗೆ ಬಂದದ್ದು ಅದು ಎಷ್ಟನೆಯ ಸಲವೋ. ಸಿದ್ಧರಾಮ ಹಿಂದೆ ಬಂದು ನಿಂತ.

"ಯಾರ ಹಾದಿ ನೋಡಾಕತ್ತಿ? ನಿಮ್ಮ ತವರಮನಿಯವರು ಯಂಕಂಚಿಯಿಂದ ಬಂದಾರಲ್ಲ."

"ಸಿಂದಗಿ ಖಾಜಾಸಾಬ ಕಾಕಾರದು. ಏಳಕ್ಕಽ ಎಸ್‌ಟಿಡಿ ಬೂತಿಗೆ ಹೋಗಿ ಅವರ ಬಾಜೂ ಅಂಗಡಿಗೆ ಫೋನ್ ಹಚ್ಚಿ ಹೇಳೇನಿ."

"ಎಂಟ ವರ್ಷ ಈ ಕಡೆ ಹಣಕಿ ನೋಡದಾಂವ ಇವತ್ತ ಬರ್ತಾನೇನ?"

"ಬರ್ತಾರ. ಬರೂತನ ಎತ್ತಬ್ಯಾಡ್ರಿ. ನನಗ ಅವರ ಮುಂದ ಒಂದ ಮಾತ ಹೇಳೂದೈತಿ. ಮಾವಾರು ಈ ಮನಿಯೊಳಗ ಇರೂದರಾಗಽ ಹೇಳಬೇಕು."

ಯಾವ ಮಾತೆಂದು ಅವನಿಗೆ ಗೊತ್ತಿತ್ತು. "ಈಗ ಯಾಕ ಬೇಕದು? ಅಪ್ಪನಽ ಮುಚ್ಚಿಕೊಂಡು ಹೋಗ್ಯಾನ."

"ಮುಚ್ಚಿದ್ದು ನನ್ನ ತಪ್ಪು. ತಮ್ಮ ಹೆಸರಿನ ಮ್ಯಾಲ ಹಾಕ್ಕೊಂಡು ಮುಚ್ಚಿದ್ರು. ಖಾಜಾಸಾಬ ಕಾಕಾರ ಮನಸಿನ್ಯಾಗ ನಮ್ಮ ಮಾವಾರು ಇವತ್ತಿಗೂ ಕೈಮೋಸ ಮಾಡಿದ ದಲಾಲ. ಹಂಗಽ ಮಣ್ಣಿಗೆ ಹೋಗಬೇಕೇನ್ರಿ ಅವರು?"

ಮಠದ ಅಯ್ಯನವರು ಎರಡಕ್ಕೆ ಎತ್ತಬೇಕು ಎಂದಿದ್ದರು. ಸಿಂದಗಿಯ ಬಸ್ಸು ಬರುವುದು ಒಂದಕ್ಕೆ, ಬಂದರೆ. ಸಿದ್ಧರಾಮ ಏನೋ ಹೇಳಬೇಕೆನ್ನುವಷ್ಟರಲ್ಲಿ ಒಳಗಿನಿಂದ ಶೇವಂತೆವ್ವನ ದನಿ ಬಂತು. "ಬರ್ಲಿ ಬಿಡೋ ಅಂವ. ನಿಮ್ಮಪ್ಪಾರದೂ ಒಂದ ಕೆಲಸ ಅರ್ಧಾ ಉಳದೈತಿ."

ಗಂಡನ ಬದಿಯಲ್ಲಿ ಕೂತಿದ್ದ ಮುದುಕಿ ಚಹಾದಂಗಡಿಯ ಕಲ್ಮೇಶನನ್ನು ಹತ್ತಿರ ಕರೆದು ಕಿವಿಯಲ್ಲಿ ನಾಲ್ಕು ಮಾತು ಹೇಳಿದಳು. ಕಲ್ಮೇಶ ಸುವರ್ಣಾಳನ್ನು ಒಮ್ಮೆ ನೋಡಿ, ತಲೆಯಾಡಿಸಿ, ಓಣಿಗೆ ಇಳಿದು ಹೋದ.

*

ಗುರಣ್ಣ ದನದ ಸಂತೆಯ ದಲಾಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವಾರವಿಡೀ ತಿರುಗಿದವನು. ಎತ್ತಿನ ತುಟಿ ಎತ್ತಿ ಹಲ್ಲು ನೋಡಿದರೆ ಮುಗಿಯಿತು. ಅದರ ವಯಸ್ಸು, ದುಡಿಮೆ, ಒಡೆಯ ಹೊಟ್ಟೆಗೆ ಹಾಕಿದನೋ ಇಲ್ಲವೋ ಎಲ್ಲ ಹೇಳುತ್ತಿದ್ದ. ಹಾಲುಹಲ್ಲು ಎಂದರೆ ಇನ್ನೂ ನೊಗ ಕಾಣದ ಹೋರಿ. ಆಮೇಲೆ ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಂಟೂ ಬಂದರೆ ಬಾಯಿಗೂಡಿದ ಎತ್ತು.

ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದೆ ಖಾಜಾಸಾಬನದು ಬೀಗ, ತಕ್ಕಡಿ ರಿಪೇರಿಯ ಅಂಗಡಿ. ಅವನಿಗೊಂದು ಹುಚ್ಚು. ಬ್ರಿಟಿಷರ ಕಾಲದ ಬ್ಯಾಂಕುಗಳಲ್ಲಿ ಚೆಕ್ಕು ಕೊಟ್ಟವರ ಕೈಗೆ ನಂಬರು ಹೊಡೆದ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದರು. ನಂಬರು ಕೂಗುವ ತನಕ ಅದನ್ನು ಹಿಡಿದುಕೊಂಡು ಬಾಕಿನ ಮೇಲೆ ಕೂಡಬೇಕು, ಕೂಗಿದ ಮೇಲೆ ತಿರುಗಿ ಕೊಡಬೇಕು. ಆ ಬ್ಯಾಂಕುಗಳು ಎಂದೋ ಮುಚ್ಚಿದವು. ಬಿಲ್ಲೆಗಳು ಗುಜರಿ ಸಾಮಾನಿನ ಮೋಡಕಾ ಅಂಗಡಿಗಳಲ್ಲಿ ಹಳೆಯ ಕೊಡ, ಚರಿಗೆಗಳ ಜೊತೆ ಬಂದು ಬಿದ್ದವು. ಖಾಜಾಸಾಬ ಅವನ್ನು ಆರಿಸಿ ಆರಿಸಿ ಕೂಡಿಡುತ್ತಿದ್ದ. ಸೊಲ್ಲಾಪುರದಲ್ಲಿ ಅವನಂಥದೇ ಹುಚ್ಚಿನವರು ನಾಲ್ಕಾರು ಮಂದಿ ಇದ್ದರು. ಬಿಲ್ಲೆ ಸಿಕ್ಕಿತು ಎಂದು ಕಾಗದ ಬರೆದರೆ ಅವರು ತಿರುಗಿ ಕೇಳುವುದು ಒಂದೇ ಮಾತು: ಕಂಡಿಷನ್ ಹೇಗಿದೆ? ಖಾಜಾಸಾಬನಿಗೆ ಅದೊಂದು ಬಗೆಹರಿಯುತ್ತಿರಲಿಲ್ಲ. ಅವನ ಕಣ್ಣಿಗೆ ಎಲ್ಲ ಬಿಲ್ಲೆಯೂ ಚೆಂದ.

ಬೀಗ ರಿಪೇರಿಗೆ ಬಂದಿದ್ದ ಗುರಣ್ಣ ಒಂದು ದಿನ ಸುಮ್ಮನೆ ಒಂದು ಬಿಲ್ಲೆಯನ್ನು ಕೈಗೆತ್ತಿಕೊಂಡ. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ, ಬಿಸಿಲಿಗೆ ಓರೆಯಾಗಿ ಹಿಡಿದ, ಮೂಗಿಗೆ ಒಯ್ದು ಮೂಸಿದ. "ಇದು ಆರ ಹಲ್ಲಿಂದು ನೋಡು ಸಾಬಾ. ಭಾಳ ಕೈ ತಿರಗೇತಿ. ಅಂಚ ಸವದೈತಿ, ಆದ್ರ ಅಕ್ಷರ ಗಟ್ಟಿ ಅದಾವ." ಇನ್ನೊಂದನ್ನು ಎತ್ತಿದ. "ಇದು ಹಾಲಹಲ್ಲು. ಕೌಂಟರ್ ಬಿಟ್ಟು ಹೊರಗಽ ಬಂದಿಲ್ಲ." ಖಾಜಾಸಾಬ ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು ಚಹಾ ತರಿಸಿದ.

ಅಲ್ಲಿಂದ ಹದಿನೈದು ವರ್ಷ ಅದೇ ನಡೆಯಿತು. ಸೊಲ್ಲಾಪುರದವರೂ ಗುರಣ್ಣನ ಹಲ್ಲಿನ ಲೆಕ್ಕ ಕಲಿತರು. "ತಾಂಬಾ ಗುರಣ್ಣ ನಾಲ್ಕು ಹಲ್ಲು ಅಂದಾನ" ಎಂದರೆ ಅಲ್ಲಿ ಮರುಮಾತಿರಲಿಲ್ಲ. ಅವನದು ಒಂದೇ ಕಟ್ಟಪ್ಪಣೆ: ಬಿಲ್ಲೆಯನ್ನು ತಿಕ್ಕಬಾರದು. ಮುದಿ ಎತ್ತಿನ ಹಲ್ಲಿಗೆ ಅರ ಹಾಕಿ ಉಜ್ಜಿ ಹರೆಯದ್ದೆಂದು ಮಾರುವ ಕಳ್ಳರು ಸಂತೆಯಲ್ಲಿ ಇರುತ್ತಾರೆ. ತಿಕ್ಕಿದ ಬಿಲ್ಲೆ ಎಂದರೆ ಅರ ಹಾಕಿದ ಎತ್ತು ಎನ್ನುತ್ತಿದ್ದ. ಅಂಥದನ್ನು ಕೈಯಲ್ಲಿ ಸಹ ಹಿಡಿಯುತ್ತಿರಲಿಲ್ಲ.

ತೊಂಬತ್ತಾರರಲ್ಲಿ ಖಾಜಾಸಾಬನಿಗೆ ಒಂದೇ ಬ್ಯಾಂಕಿನ ಬಿಲ್ಲೆಗಳು ಒಂದರಿಂದ ಹದಿನಾಲ್ಕರ ತನಕ ಪೂರಾ ಕೂಡಿದವು. ಹತ್ತೊಂಬತ್ತು ವರ್ಷ ಹುಡುಕಿದ್ದ. ಎಲ್ಲವೂ ಎರಡು ಹಲ್ಲಿನವು, ಮೇಲೆ ಜೇನಿನಂಥ ಕಂದುಬಣ್ಣ ಕೂತವು. ಸೊಲ್ಲಾಪುರದ ಪ್ರದರ್ಶನದಲ್ಲಿ ಇಡಬೇಕು, ಒಂದೊಂದಕ್ಕೂ ಚೀಟಿ ಬರೆದುಕೊಡು ಎಂದು ಗಂಟು ಕಟ್ಟಿ ಗುರಣ್ಣನ ಕೈಗೆ ಕೊಟ್ಟುಹೋದ. ಗುರಣ್ಣ ಅದನ್ನು ಕೊಟ್ಟಿಗೆಯ ಗೋಡೆಯ ಮಾಡದಲ್ಲಿ, ಎತ್ತಿನ ಗೆಜ್ಜೆ ಗಂಟೆಗಳ ಬದಿಯಲ್ಲಿ ಇಟ್ಟ. ಆ ಮಾಡಕ್ಕೆ ತನ್ನ ಹೊರತು ಯಾರೂ ಕೈ ಹಾಕುವುದಿಲ್ಲ ಎಂಬ ನಂಬಿಕೆ.

ಸುವರ್ಣಾ ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಕಾರಹುಣ್ಣಿಮೆ ಬಂತು, ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರೆಲ್ಲ ಮೆರೆಸುವ ಹಬ್ಬ. ಎತ್ತು ಬಲ್ಲವರ ಮನೆಗೆ ಸೊಸೆಯಾಗಿ ಬಂದಿದ್ದೇನೆ, ನಮ್ಮ ಎತ್ತು ಊರಿನಲ್ಲೇ ಚೆಂದ ಕಾಣಬೇಕು ಎಂದು ಅವಳಿಗೆ ಆಸೆ. ಗೆಜ್ಜೆ ತೆಗೆಯಲು ಮಾಡಕ್ಕೆ ಕೈ ಹಾಕಿದರೆ ಒಂದು ಗಂಟು. ಬಿಚ್ಚಿದರೆ ಹದಿನಾಲ್ಕು ದುಂಡನೆಯ ಹಿತ್ತಾಳೆ ಬಿಲ್ಲೆ, ಮೇಲ್ಗಡೆ ದಾರ ಪೋಣಿಸಲು ತೂತು. ಎತ್ತಿನ ಕೊರಳಪಟ್ಟಿಯ ಬಿಲ್ಲೆಗಳಲ್ಲದೆ ಮತ್ತೇನು! ಎಂಥ ಹೊಲಸು ಹಿಡಿದಿವೆಯಲ್ಲಪ್ಪಾ ಎಂದುಕೊಂಡಳು. ಹುಣಸೆಹಣ್ಣು, ಉಪ್ಪು, ಒಲೆಯ ಬೂದಿ ತೆಗೆದುಕೊಂಡು ಕೂತವಳು ಹೊತ್ತು ಇಳಿಯುವ ತನಕ ತಿಕ್ಕಿದಳು. ಕೆಂಪು ದಾರದಲ್ಲಿ ಪೋಣಿಸಿ ಬಿಳಿ ಎತ್ತಿನ ಕೊರಳಿಗೆ ಕಟ್ಟಿದಳು.

ಸಂತೆಯಿಂದ ಬಂದ ಗುರಣ್ಣ ಅಂಗಳದಲ್ಲೇ ನಿಂತುಬಿಟ್ಟ.

"ಹೆಂಗ ಕಾಣತಾವ್ರೀ ಮಾವಾರಽ?" ಎಂದಳು ಸುವರ್ಣಾ. ಕೈಯೆಲ್ಲ ಬೂದಿ, ಮುಖದ ತುಂಬ ನಗೆ.

ಅವನು ಎತ್ತಿನ ಹತ್ತಿರ ಹೋಗಿ ಒಂದು ಬಿಲ್ಲೆಯನ್ನು ಬೆರಳಲ್ಲಿ ಹಿಡಿದ. ಮೂಸಿದ. ಎತ್ತಿನ ಕೊರಳಿಗೆ ಕೈ ಆನಿಸಿಕೊಂಡು ಒಂದು ಗಳಿಗೆ ಹಾಗೇ ನಿಂತ. ಆಮೇಲೆ ತಿರುಗಿದ.

"ಭಾಳ ಚೆಂದ ಕಾಣತಾವವ್ವಾ," ಎಂದ.

ಕಟ್ಟಿದ್ದನ್ನು ಬಿಚ್ಚಿಸಲಿಲ್ಲ. ಬಿಳಿ ಎತ್ತು ಊರೆಲ್ಲ ಝಗಝಗ ಹೊಳೆಯುತ್ತ ಮೆರೆದು ಬಂತು. ಅವು ಏನೆಂದು ಅತ್ತೆಯಿಂದ ಸುವರ್ಣಾಳಿಗೆ ತಿಳಿದದ್ದು ಮರುದಿನ, ಖಾಜಾಸಾಬ ಅಂಗಳಕ್ಕೆ ಬಂದು ಕೂತಾಗ. ಅವಳು ಚಹಾದ ಬಟ್ಟಲು ಹಿಡಿದುಕೊಂಡು ಬಾಗಿಲ ಹಿಂದೆಯೇ ನಿಂತಳು.

"ಯಾರ ಮಾಡಿದ್ರೋ ಇದನ್ನ?" ಖಾಜಾಸಾಬ ಹೊಳೆಯುವ ಬಿಲ್ಲೆಗಳ ಮೇಲೆ ಬಗ್ಗಿದ.

"ನಾನಽ ತಿಕ್ಕೇನಿ."

"ನೀನಾ? ಗುರಣ್ಣ, ನೀನಾ?"

"ಪ್ರದರ್ಶನದಾಗ ಹೊಳದ್ರ ಚೆಂದ ಕಾಣತಾವ ಅಂತ ಮಾಡಿದೆ. ಬುದ್ಧಿ ಕೆಟ್ಟಿತು, ಸಾಬಾ."

"ಹಲ್ಲಿಗಿ ಅರ ಹಾಕಿದ್ಯಲ್ಲೋ! ಕಡೀಕೂ ದಲಾಲರ ಬುದ್ಧಿ ತೋರಿಸಿದಿ. ನಿನ್ನ ಕೈ ನಂಬಿದ್ನೆಲ್ಲೋ ನಾನು!"

"ಇವನ್ನ ನನ್ನ ಕಡೆ ಬಿಟ್ಟ ಹೋಗು. ಮತ್ತ ಹಲ್ಲ ಬರಿಸಿ ಕೊಡ್ತೇನಿ. ಅಲ್ಲೀತನ ಇನ್ನೊಂದ ಬಿಲ್ಲಿ ಮುಟ್ಟೂದಿಲ್ಲ."

"ನೀನಽ ಇಟ್ಕೋ," ಎಂದು ಖಾಜಾಸಾಬ ಎದ್ದುಹೋದ. ಚಹಾ ಬಟ್ಟಲಲ್ಲೇ ಆರಿತು. ಎರಡು ಹೆಜ್ಜೆ ಹೊರಗೆ ಬಂದು ನಾನು ರೀ ಎಂದಿದ್ದರೆ ಮುಗಿಯುತ್ತಿತ್ತು. ಸುವರ್ಣಾಳ ಕಾಲು ಏಳಲಿಲ್ಲ.

ಆಮೇಲೆ ಸೊಲ್ಲಾಪುರದ ಕಾಗದಗಳು ನಿಂತವು. ಗುರಣ್ಣ ಒಂದು ದಿನವೂ ಆ ಮಾತು ಎತ್ತಲಿಲ್ಲ. ಬಿಲ್ಲೆಗಳು ಏನಾದವೋ ಕೇಳುವ ಧೈರ್ಯ ಅವಳಿಗಾಗಲಿಲ್ಲ. ಬಾವಿಗೆ ಹಾಕಿರಬೇಕು ಅಂದುಕೊಂಡಳು. ಅಂದಿನಿಂದ ಮಾವನ ಒಂದು ಕೈ ಸದಾ ಬಂಡಿಯ ಕಿಸೆಯಲ್ಲಿ ಇರುವುದನ್ನು ಮಾತ್ರ ಕಂಡಳು. "ಎದಿ ನೋಯ್ತೈತೇನ್ರಿ?" ಎಂದು ಕೇಳಿದರೆ "ಇಲ್ಲವ್ವಾ" ಎನ್ನುತ್ತಿದ್ದ. ಪ್ರತಿ ಕಾರಹುಣ್ಣಿಮೆಗೂ ಊರಿಗೆ ಕೇಳುವ ಹಾಗೆ ಕೂಗುತ್ತಿದ್ದ: "ಎತ್ತಿಗೆ ಗೆಜ್ಜಿ ನಮ್ಮ ಸುವರ್ಣಾನಽ ಕಟ್ಟಬೇಕು. ಆಕಿ ಕೈ ಚೆಂದ." ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಅದಕ್ಕೂ ಅವಳಿಂದಲೇ ಹೂವು ಕಟ್ಟಿಸಿದ. ಇಂಥ ಮಾವ ಯಾರಿಗೆ ಸಿಕ್ಕಾನು ಎಂದು ಅವಳು ಎಷ್ಟು ಸಲ ಅಂದುಕೊಂಡಿದ್ದಳೋ. ಅಂದುಕೊಂಡಾಗೆಲ್ಲ ಆ ಆರಿದ ಚಹಾ ನೆನಪಾಗುತ್ತಿತ್ತು.

*

ಒಂದು ಗಂಟೆಯ ಬಸ್ಸಿಗೆ ಖಾಜಾಸಾಬ ಬರಲಿಲ್ಲ.

ಭಜನೆಯವರು ತಾಳ ಕೆಳಗಿಟ್ಟು ಚಹಾ ಕುಡಿದರು. ಹೊರಗೆ ಹೆಣ ಕೂಡಿಸಿ ಒಯ್ಯುವ ವಿಮಾನಕ್ಕೆ ಬಾಳೆಕಂಬ ಕಟ್ಟುವುದು ಮುಗಿಯಿತು. ಅಯ್ಯನವರು ಹೊಲದಲ್ಲಿ ತೆಗೆಸಿದ ಕುಣಿ ನೋಡಿಕೊಂಡು ಬಂದು "ಇನ್ನ ತಡಾ ಯಾಕ್ರಿ?" ಎಂದರು. ಸಿದ್ಧರಾಮ ಹೆಂಡತಿಯ ಮುಖ ನೋಡಿದ.

"ಇನ್ನೊಂದ ಅರ್ಧ ತಾಸು, ಅಯ್ಯಾರ," ಎಂದ.

ಸುವರ್ಣಾ ಗಂಡನಿಗೆ ಮನಸ್ಸಿನಲ್ಲೇ ಕೈ ಮುಗಿದಳು.

ಅರ್ಧ ತಾಸಿನಲ್ಲಿ ಅಲ್ಲ, ಹತ್ತೇ ನಿಮಿಷದಲ್ಲಿ ಒಂದು ಟಂಟಂ ರಿಕ್ಷಾ ಓಣಿಯ ಬಾಯಿಗೆ ಬಂದು ನಿಂತಿತು. ಬಸ್ಸು ತಪ್ಪಿಸಿಕೊಂಡ ಖಾಜಾಸಾಬ ಅದರಿಂದ ಇಳಿದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಸೇವಂತಿಗೆಯ ಹಾರ. ಯಾರನ್ನೂ ನೋಡದೆ ಪಡಸಾಲೆಗೆ ಬಂದು, ಕೂತಿದ್ದ ಗುರಣ್ಣನ ಕೊರಳಿಗೆ ಹಾರ ಹಾಕಿ, ಎದುರಿಗೆ ಕುಸಿದು ಕೂತ.

"ಎಂಟ ವರ್ಷ ಆತಲ್ಲೋ ಗುರಣ್ಣ," ಎಂದ. "ಒಮ್ಮೆ ಬೈದು ಕಳಸೂದಲ್ಲೇನೋ? ನಾ ಬರೂದಿಲ್ಲ ಅಂದ್ರ ನೀನರಽ ಬರಬೇಕಿಲ್ಲೋ?"

ಹೆಂಗಸರ ಗುಂಪಿನಲ್ಲಿ ಯಾರೋ ಬಿಕ್ಕಿದರು. ಎದುರು ಗೋಡೆಗೆ ಒರಗಿ ಕೂತಿದ್ದ ಒಬ್ಬ ಮುದುಕ, "ಎಂಥಾ ಕೈ ಇತ್ತಪಾ ಅಂವಂದು. ಕಡೀಕ ಒಂದ ಸಲ ಕೆಡಿಸಿಕೊಂಡ. ಮನಶಾ ಅಂದ ಮ್ಯಾಲ ತಪ್ಪ ಆಗತಾವ ಬಿಡ್ರಿ," ಎಂದ.

"ಅವರ ಕೈ ಕೆಟ್ಟಿರಲಿಲ್ಲ," ಎಂದಳು ಸುವರ್ಣಾ.

ದನಿ ತಾನೆಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಅವಳು ಬಾಗಿಲು ದಾಟಿ ಹೊರಗೆ ಬಂದು ಖಾಜಾಸಾಬನ ಮುಂದೆ ನಿಂತಳು. ಈ ಸಲ ಕಾಲು ಎದ್ದಿತ್ತು.

"ಕಾಕಾ, ಆ ಬಿಲ್ಲಿ ತಿಕ್ಕಿದಾಕಿ ನಾನು. ಎತ್ತಿನ ಕೊರಳ ಬಿಲ್ಲಿ ಅಂತ ತಿಳದು ಹುಣಸಿಹಣ್ಣ ಹಚ್ಚಿ ತಿಕ್ಕೇನಿ, ಎತ್ತಿಗೆ ಕಟ್ಟೇನಿ. ಊರಽ ನೋಡೇತಿ. ಮಾವಾರ ನಿಮ್ಮ ಮುಂದ ತಮ್ಮ ಹೆಸರ ಹೇಳಿದ್ರು. ನಾ ಬಾಗಲದ ಹಿಂದ ಚಹಾ ಹಿಡಕೊಂಡ ನಿಂತಿದ್ದೆ. ಹೊರಗ ಬರಲಿಲ್ಲ. ಅವರು ಅರ ಹಾಕೋ ಮನಶಾ ಅಲ್ರಿ. ಬೈಯೂದಿದ್ರ ನನಗ ಬೈರಿ. ಅವರ ಮ್ಯಾಲಿನ ಸಿಟ್ಟ ಬಿಟ್ಟು ಅವರನ್ನ ಕಳಸ್ರಿ."

ಖಾಜಾಸಾಬ ಅವಳನ್ನು ನೋಡಿದ, ಗುರಣ್ಣನನ್ನು ನೋಡಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಅದನ್ನೇ ಮುಖಕ್ಕೆ ಒತ್ತಿಕೊಂಡು ಅತ್ತ.

"ದಲಾಲರ ಬುದ್ಧಿ ಅಂದಿದ್ನೆವ್ವಾ ನಾನು," ಎಂದ ಕೊನೆಗೆ. "ಅಂಥಾ ಮಾತ ಅಂದು ಹೋದೆ. ಅಂವ ತಲಿ ತಗ್ಗಿಸಿ ಕೂತಿದ್ದ. ತಿರಗಿ ಒಂದ ಬಿರಸ ಮಾತ ಆಡಲಿಲ್ಲ."

"ಆಡಾವರ ಅಲ್ಲ ಬಿಡು ಅವರು," ಎಂದಳು ಶೇವಂತೆವ್ವ. ಅವಳು ಅಳುತ್ತಿರಲಿಲ್ಲ. ಸೊಂಟದಿಂದ ಎಲೆಅಡಿಕೆಯ ಚಂಚಿ ತೆಗೆದು, ಅದರ ಒಳಗಿನ ಚೀಲಕ್ಕೆ ಎರಡು ಬೆರಳು ಹಾಕಿ, ಏನನ್ನೋ ಹೊರಗೆಳೆದು ಗಂಡನ ಕಾಲ ಬಳಿ ಹಾಸಿದ್ದ ಬಿಳಿ ಬಟ್ಟೆಯ ಮೇಲೆ ಇಟ್ಟಳು. ಕಂದುಬಣ್ಣದ ಒಂದು ಬಿಲ್ಲೆ. ನಂಬರು ಒಂದು.

"ಹಲ್ಲ ಬರಿಸಿ ಕೊಡ್ತೇನಿ ಅಂದಿದ್ರಲ್ಲ, ತಗೋ," ಎಂದಳು ಖಾಜಾಸಾಬನಿಗೆ. ಓಣಿಯವರ ಕಡೆ ತಿರುಗಿದಳು. "ಕಲ್ಮೇಶ ಹೇಳಿ ಬಂದಾನಲ್ಲ? ತರ್ರೆವ್ವಾ ಎಲ್ಲಾರೂ. ಇನ್ನ ಮುಚ್ಚೂದ ಏನೂ ಇಲ್ಲ."

ಸುವರ್ಣಾಳಿಗೆ ಏನೂ ತಿಳಿಯಲಿಲ್ಲ. ಕಲ್ಮೇಶ ಮೊದಲು ಬಂದ. ಕಿಸೆಯಿಂದ ಹನ್ನೊಂದನೇ ನಂಬರು ತೆಗೆದಿಟ್ಟ. ಹಿಟ್ಟಿನ ಗಿರಣಿಯ ಲಕ್ಕವ್ವ ಸೆರಗಿನ ಗಂಟು ಬಿಚ್ಚಿ ನಾಲ್ಕನೆಯದನ್ನು ಇಟ್ಟಳು. ಬಳೆ ಮಾರುವ ಮುಮ್ತಾಜ ಬಳೆಚೀಲದ ತಳದಿಂದ ಆರನೆಯದನ್ನು ತೆಗೆದಳು. ಅಯ್ಯನವರು ಜೋಳಿಗೆಗೆ ಕೈ ಹಾಕಿದಾಗ ಅಲ್ಲಿದ್ದ ದೊಡ್ಡವರೂ ಬೆರಗಾಗಿ ನೋಡಿದರು. ಅವರದು ಎರಡನೇ ನಂಬರು, ಮೇಲೆ ತುಸು ವಿಭೂತಿ. ಓಣಿಯ ಇನ್ನೂ ಏಳು ಮಂದಿ ಒಬ್ಬೊಬ್ಬರಾಗಿ ತಮ್ಮ ತಮ್ಮದನ್ನು ತಂದಿಟ್ಟರು.

"ಎಂಟ ವರ್ಷ ಆತು, ಸುವರ್ಣಾ," ಎಂದಳು ಲಕ್ಕವ್ವ. "ಒಂದೊಂದ ನಮ್ಮ ಕೈಯಾಗ ಕೊಟ್ಟು, 'ಸದಾ ಮೈಮ್ಯಾಲ ಇಟ್ಕೋರಿ, ಹೊತ್ತ ಸಿಕ್ಕಾಗ ಬೆರಳಾಗ ಆಡಸ್ರಿ. ಕೈ ಬೆವರ ಕುಡದು ಬಣ್ಣ ತಾನಽ ಬರತೈತಿ. ಒಬ್ಬಾವನ ಕೈಲೆ ಹದಿನಾಕೂ ಆಗೂದಿಲ್ಲ' ಅಂದಿದ್ರು. ನಿನ್ನ ಮುಂದ ಮಾತ್ರ ತೋರಸಬ್ಯಾಡ್ರಿ, ನಮ್ಮ ಸೊಸಿ ಮನಸಿಗಿ ಹತ್ತತೈತಿ ಅಂತ ಆಣಿ ಹಾಕಿದ್ರು."

ಮುಂಜಾನೆ ಯಾರ ಮನೆಯಲ್ಲಿ ಹಾಲು ಒಡೆದರೂ ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿಸುವ ಓಣಿ ಅದು. ಎಂಟು ವರ್ಷ ಒಂದು ಬಾಯಿಯೂ ಬಿಡಲಿಲ್ಲ.

"ರೇವವ್ವಗ ಒಂದ ಕೊಡಲಿಲ್ಲ ನೋಡು," ಎಂದ ಕಲ್ಮೇಶ. "ಆಕಿಗಿ ಕೊಟ್ರ ತಿಕ್ಕತಾಳ, ಹೇಳಬ್ಯಾಡ್ರಿ ಅಂದಿದ್ರು."

ಸಾವಿನ ಮನೆ ಎಂಬುದನ್ನೂ ಮರೆತು ನಾಲ್ಕು ಮಂದಿ ನಕ್ಕರು. ಗುರಣ್ಣ ಗೋಡೆಗೆ ಒರಗಿ ಕೂತೇ ಇದ್ದ.

ಕೊನೆಗೆ ಸಿದ್ಧರಾಮ ಬಂದ. ಟ್ರ್ಯಾಕ್ಟರಿನ ಸಾಮಾನಿನ ಡಬ್ಬಿಯಿಂದ ತಂದ ಹದಿನಾಲ್ಕನೇ ನಂಬರನ್ನು, ಹೆಂಡತಿಯ ಕಣ್ಣು ತಪ್ಪಿಸಿ, ಮೆಲ್ಲಗೆ ಇಟ್ಟ.

"ನೀವೂ ಏನ್ರಿ?" ಎಂದಳು ಸುವರ್ಣಾ.

"ಆಣಿ ಹಾಕಿದ್ದ," ಎಂದ ಅವನು.

ಅವಳಿಗೆ ಅಳು, ನಗೆ ಎರಡೂ ಒಟ್ಟಿಗೆ ಬಂದವು. ತಾನು ಒಬ್ಬಳೇ ಹೊತ್ತುಕೊಂಡಿದ್ದೇನೆ ಅಂದುಕೊಂಡದ್ದನ್ನು ಇಷ್ಟು ಮಂದಿ ಚಂಚಿಯಲ್ಲಿ, ಸೆರಗಿನಲ್ಲಿ, ಕಿಸೆಯಲ್ಲಿ ಹೊತ್ತು ತಿರುಗಿದ್ದರು. ಅವಳು ಅಲ್ಲೇ ಕೂತು ಮಾವನ ಪಾದದ ಮೇಲೆ ಹಣೆ ಇಟ್ಟಳು.

ಖಾಜಾಸಾಬ ಕನ್ನಡಕ ಹಾಕಿಕೊಂಡು ಒಂದೊಂದೇ ಬಿಲ್ಲೆಯನ್ನು ಗುರಣ್ಣನ ಹಾಗೆಯೇ ಬಿಸಿಲಿಗೆ ಓರೆಯಾಗಿ ಹಿಡಿದ, ಹೆಬ್ಬೆರಳು ಆಡಿಸಿದ, ಮೂಸಿದ. ಕಲ್ಮೇಶನದಕ್ಕೆ ಚಹಾಪುಡಿಯ ವಾಸನೆ. ಲಕ್ಕವ್ವನದರ ಅಕ್ಷರಗಳ ಸಂದಿಯಲ್ಲಿ ಜೋಳದ ಹಿಟ್ಟು ಗಟ್ಟಿಯಾಗಿ ಕೂತಿತ್ತು. ಸಿದ್ಧರಾಮನದು ಎಣ್ಣೆ ಕುಡಿದು ಎಲ್ಲಕ್ಕಿಂತ ಕಪ್ಪಗಾಗಿತ್ತು.

"ಸುಳ್ಳ ಹೇಳಬಾರದು, ಇಂವ ಕೇಳಾಕತ್ತಾನ," ಎಂದ ಗುರಣ್ಣನ ಕಡೆ ನೋಡಿ. "ತಿಕ್ಕಿದ ಗೆರಿ ಹೋಗಿಲ್ಲ, ಹೋಗೂದೂ ಇಲ್ಲ. ಮೊದಲಿಗೆ ಎರಡ ಹಲ್ಲಿನವು ಇದ್ವು. ಈಗ ಆರ ಹಲ್ಲಿಗಿ ಬಂದಾವ. ಆದ್ರ ಈ ಬಣ್ಣ ನೋಡ್ರಿ, ಇದು ಕೈ ತಿರಗಿ ಬಂದ ಬಣ್ಣ. ಇವು ಅರ ಹಾಕಿದ ಎತ್ತ ಅಲ್ಲ, ಹೊಲಾ ಗೆಯ್ದ ಎತ್ತು. ಸೊಲ್ಲಾಪುರದವರಿಗೆ ಇದನ್ನಽ ಬರೀತೇನಿ. ತಾಂಬಾ ಗುರಣ್ಣನ ಕೈ ಅಂತಽ ಬರೀತೇನಿ."

ಸಾಲಾಗಿ ಇಟ್ಟು ಎಣಿಸಿದ. ಹದಿಮೂರು. ಎಂಟರ ಮುಂದೆ ಹತ್ತು ಇತ್ತು.

"ಒಂಬತ್ತು ಎಲ್ಲಿ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ಒಂಬತ್ತ ಅವರ ಕಡೆನಽ ಇತ್ತು," ಎಂದಳು ಶೇವಂತೆವ್ವ. "ಬಂಡಿ ಕಿಸೆದಾಗ. ಎಲ್ಲಾದಕ್ಕಿಂತ ಅದರ ಬಣ್ಣಽ ಚಲೋ ಬಂದೈತಿ ಅಂತ ಮೊನ್ನಿ ತೋರಿಸಿದ್ರು."

ಬಂಡಿ! ಸುವರ್ಣಾ ಹಿತ್ತಲ ಬಾಗಿಲ ಕಡೆ ತಿರುಗಿದಳು. ಅಷ್ಟರಲ್ಲಿ ರೇವವ್ವನೇ ಒಳಗೆ ಬಂದಳು; ಮೊಣಕೈ ತನಕ ಒದ್ದೆ, ಕೈಯಲ್ಲಿ ಏನೋ ಫಳಫಳ ಹೊಳೆಯುತ್ತಿತ್ತು.

"ಏನ ಹುಡುಕಾಕತ್ತೀರೆವ್ವಾ? ಇದೇನು? ಬಂಡಿ ಒಗ್ಯಾಕ ಹೋದ್ರ ಕಿಸೆದಾಗ ಸಿಕ್ಕಿತು. ಎಷ್ಟ ಕರ್ರಗಾಗಿತ್ತು ಅಂತೀರಿ! ಹೋದವರ ಒಡವಿ ಹಂಗ ಹೊಲಸ ಇಡಬಾರದಂತ ಹುಣಸಿಹಣ್ಣ ಹಚ್ಚಿ ಚೆಂದಂಗಿ ತಿಕ್ಕಿ ತಂದೀನಿ ನೋಡ್ರಿ. ಬಂಗಾರ ಆದಂಗ ಆಗೇತಿ."

ಕಲ್ಮೇಶ ಬಾಯಿ ತೆರೆದ. ಲಕ್ಕವ್ವ ಅಯ್ಯಯ್ಯ ಎಂದು ಹಣೆಗೆ ಕೈ ಒಯ್ಯುತ್ತಿದ್ದಳು. ರೇವವ್ವನ ಮುಖದಲ್ಲಿ ನಗೆ ಇನ್ನೂ ಇತ್ತು, ಯಾಕೆ ಎಲ್ಲ ಹೀಗೆ ನೋಡುತ್ತಿದ್ದಾರೆ ಎಂದು ಅದು ಈಗೀಗ ಹಿಂಜರಿಯತೊಡಗಿತ್ತು. ಬೂದಿ ಹತ್ತಿದ ಆ ಕೈಗಳನ್ನು ಸುವರ್ಣಾ ನೋಡಿದಳು. ಕಲ್ಮೇಶನ ಮಾತು ಹೊರಡುವ ಮೊದಲೇ ಎದ್ದು ಹೋಗಿ ಬಿಲ್ಲೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.

"ಭಾಳ ಚೆಂದ ಕಾಣತೈತಿ, ಚಿಗವ್ವಾ," ಎಂದಳು.

"ಹೌದಲ್ಲ?" ರೇವವ್ವ ಸಮಾಧಾನದಿಂದ ಸೆರಗಿಗೆ ಕೈ ಒರೆಸಿಕೊಂಡಳು. "ಭಾಳ ದೊಡ್ಡ ಜೀವವ್ವಾ ಅದು. ನನ್ನ ಕೈಲೆ ಇಷ್ಟಽ ಆದದ್ದು."

ಖಾಜಾಸಾಬ ಸುವರ್ಣಾಳನ್ನೇ ನೋಡುತ್ತಿದ್ದ. ಎಂಟು ವರ್ಷದ ಹಿಂದೆ ಆ ಅಂಗಳದಲ್ಲಿ ಏನು ನಡೆದಿರಬೇಕು ಎಂಬುದು ಅವನಿಗೆ ಈಗ ಕಣ್ಣಿಗೆ ಕಂಡಿತು.

"ಹೌದ್ರೆವ್ವಾ, ಭಾಳ ಚೆಂದ," ಎಂದ ಅವನೂ. ಹದಿಮೂರು ಬಿಲ್ಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಕಿಸೆಗೆ ಇಳಿಸಿದ. ಸುವರ್ಣಾ ಒಂಬತ್ತನ್ನು ಕೊಡಲು ಹೋದರೆ ಅವಳ ಬೆರಳುಗಳನ್ನು ಅದರ ಮೇಲೆ ಮಡಚಿಬಿಟ್ಟ.

"ಇದಿನ್ನೂ ಹಾಲಹಲ್ಲವ್ವಾ, ನಿನ್ನ ಕಡೆ ಇರಲಿ. ಹಲ್ಲ ಬಂದ ಮ್ಯಾಲ ತಂದ ಕೊಡು. ಎಷ್ಟ ಹಲ್ಲು ಅನ್ನೂದನ್ನೂ ನೀನಽ ಹೇಳಬೇಕು. ನಾ ಸಿಂದಗ್ಯಾಗ ಹಾದಿ ನೋಡತಿರ್ತೇನಿ."

*

ವಿಮಾನ ಹೊಲ ಮುಟ್ಟಿದಾಗ ಮೂರಾಗಿತ್ತು. ಬದುವಿನ ಆಚೆ ಜೋಳ ತೆನೆ ತೂಗುತ್ತಿತ್ತು. ಗುರಣ್ಣನನ್ನು ಕುಣಿಗೆ ಇಳಿಸಿ ಕೂಡಿಸಿದರು. ಅಯ್ಯನವರು ಬಿಲ್ವಪತ್ರೆ, ವಿಭೂತಿ ಗಟ್ಟಿ ಇಟ್ಟು ಮಂತ್ರ ಹೇಳಿದರು. ಖಾಜಾಸಾಬ ಮೊದಲ ಸಾಲಿನಲ್ಲೇ ನಿಂತಿದ್ದ. ಮಣ್ಣು ಕೊಡುವಾಗ ಬಗ್ಗಿ, ಒಳಗೆ ಕೂತಿದ್ದವನಿಗೆ ಏನೋ ಹೇಳಿದ. ಭಜನೆಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಹೆಂಗಸರ ಸರದಿ ಬಂತು. ಶೇವಂತೆವ್ವನ ಕೈ ಹಿಡಿದು ಮಣ್ಣು ಕೊಡಿಸಿ, ಸುವರ್ಣಾ ತಾನೂ ಬಗ್ಗಿ ಬೊಗಸೆ ತುಂಬ ಕರಿಮಣ್ಣು ಎತ್ತಿದಳು. ನೆಲದಾಳದ ಹಸಿ ತಂಪು ಅದರಲ್ಲಿ ಇನ್ನೂ ಇತ್ತು. ಮೂರು ಸಲ ಹಾಕಿದಳು. "ಹೋಗಿ ಬರ್ರಿ ಮಾವಾರ," ಎಂದಳು.

ಹಿಂದೆ ಸರಿದು ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಂಬತ್ತು ಬಿಸಿಲಿಗೆ ಫಳ್ಳನೆ ಹೊಳೆಯಿತು. ಬದಿಯಲ್ಲಿ ನಿಂತಿದ್ದ ರೇವವ್ವ ಅದನ್ನು ನೋಡಿ ಹೆಮ್ಮೆಯಿಂದ ಕಣ್ಣೊರೆಸಿಕೊಂಡಳು. ಸುವರ್ಣಾ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಒಮ್ಮೆ, ಇನ್ನೊಮ್ಮೆ. ಬೆರಳಿಗೆ ಹತ್ತಿದ್ದ ಹಸಿ ಕರಿಮಣ್ಣು ನಂಬರಿನ ಸಂದಿಗೆ ಮೆತ್ತಿಕೊಂಡಿತು. ಅವಳು ಅದನ್ನು ಒರೆಸಲಿಲ್ಲ. ಹಾಗೆಯೇ ಮುಷ್ಟಿಯಲ್ಲಿ ಹಿಡಿದುಕೊಂಡು, ಅತ್ತೆಯ ರಟ್ಟೆಗೆ ಆಸರೆ ಕೊಟ್ಟು, ಬದುವಿನಗುಂಟ ಮನೆಯ ಕಡೆ ನಡೆದಳು.